ತುದಿ ಬದಲಾಯಿಸುವ ಹೆಣಿಗೆ ಕಡ್ಡಿ: ಸೆಟ್ ತಗೋಬೇಕಾ, ಬಿಡಿಯಾಗಿ ಸಾಕಾ?

ಪುಣೆಯಲ್ಲಿ ಚಳಿ ಬೀಳೋಕೆ ಶುರುವಾದರೆ ಸಾಕು, ನಮ್ಮ ಹೆಣಿಗೆಯವರಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಆ ತುದಿ ಬದಲಾಯಿಸುವ ಕಡ್ಡಿಗಳ ಸೆಟ್ ತಗೊಳ್ಳಲಾ, ಬೇಡವಾ? ಈ ಸಲ ಕೇಳಿದ್ದು ನಮ್ಮ ವೈನಿ, ಧಾರವಾಡದಿಂದ ಫೋನ್ ಮಾಡಿ. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ: ಕಡ್ಡಿ ತಗೊಳ್ಳಿ, ಸೆಟ್ ತಗೋಬೇಡಿ. ಎರಡು ಅಳತೆಯ ತುದಿ, ಎರಡು ಕೇಬಲ್, ಸದ್ಯಕ್ಕೆ ಅಷ್ಟು ಸಾಕು. ಉಳಿದದ್ದು ಕೈಗೆ ಬೇಕು ಅನಿಸಿದಾಗ.

ಹೆಣಿಗೆ ಹೊಸದಾಗಿ ಕಲಿಯುತ್ತಿರುವವರಿಗೆ ಒಂದು ಮಾತು. ಸರ್ಕ್ಯುಲರ್ ಕಡ್ಡಿ ಅಂದರೆ ಎರಡು ಗಿಡ್ಡ ಕಡ್ಡಿಗಳ ನಡುವೆ ಒಂದು ಬಳುಕುವ ಕೇಬಲ್. ಅದರಲ್ಲಿ ಎರಡು ಜಾತಿ. ಒಂದು, ತುದಿ ಕೇಬಲ್‌ಗೇ ಅಂಟಿಕೊಂಡಿರುವಂಥದ್ದು. ಇನ್ನೊಂದು, ತುದಿಯನ್ನು ಸ್ಕ್ರೂ ಥರ ತಿರುಗಿಸಿ ಬಿಚ್ಚಿ ಬೇರೆ ಅಳತೆಯದನ್ನು ಹಾಕುವಂಥದ್ದು, ಅದೇ ಇಂಟರ್‌ಚೇಂಜೆಬಲ್. ಇದು ಗೋಲಾಗಿ ಟೊಪ್ಪಿ ಹೆಣೆಯೋಕೆ ಮಾತ್ರ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಸಾಲಿನ ಕೊನೆಗೆ ಬಂದಾಗ ತಿರುಗಿಸಿಕೊಂಡರೆ ಮಫ್ಲರು, ಸ್ವೆಟರಿನ ಬೆನ್ನು, ಶಾಲು ಎಲ್ಲವೂ ಆಗುತ್ತೆ.

ಮೊದಲು ಸರ್ಕ್ಯುಲರ್ ಯಾಕೆ ಅನ್ನೋದೇ ಇತ್ಯರ್ಥ ಆಗಲಿ. ನಮ್ಮ ಅತ್ತೆ ಇವತ್ತಿಗೂ ಹದಿನಾಲ್ಕು ಇಂಚಿನ ಉದ್ದ ಕಡ್ಡಿ ಕಂಕುಳಲ್ಲಿ ಒತ್ತಿಕೊಂಡೇ ಹೆಣೆಯುವುದು, ಅವರ ವೇಗ ನನಗೆ ಇನ್ನೂ ಬಂದಿಲ್ಲ. ಸರ್ಕ್ಯುಲರ್ ನೋಡಿ “ಇದ್ಯಾವ ಹಗ್ಗದ ಕಡ್ಡಿ ತಂದೀಯವ್ವಾ” ಅಂದವರು ಅವರು. ಅವರ ಪಾಲಿಗೆ ಸರಿ, ಮನೆಯ ಪಡಸಾಲೆಯಲ್ಲಿ ಕೂತು ಹೆಣೆಯುವವರು. ನಾನು ಹೆಣೆಯುವುದು ಜಾಸ್ತಿ ಮೆಟ್ರೋದಲ್ಲಿ, ವನಾಜ್‌ನಿಂದ ಹತ್ತಿ ಸಿವಿಲ್ ಕೋರ್ಟ್‌ನಲ್ಲಿ ಬದಲಾಯಿಸಿ ಪಿಂಪ್ರಿ ಕಡೆಗೆ. ಅಲ್ಲಿ ಉದ್ದ ಕಡ್ಡಿ ತೆಗೆದರೆ ಪಕ್ಕದವರ ಪಕ್ಕೆಗೆ ತಿವಿಯುವುದು ಖಾತ್ರಿ. ಸರ್ಕ್ಯುಲರ್‌ನಲ್ಲಿ ಕೈ ಆಡುವ ಜಾಗ ಒಂದು ಗೇಣು. ಒಂದು ಕಡ್ಡಿ ಜಾರಿ ಸೀಟಿನ ಕೆಳಗೆ ಉರುಳಿ ಹೋಗುವ ರಗಳೆಯೂ ಇಲ್ಲ, ಎರಡೂ ಒಂದಕ್ಕೊಂದು ಕಟ್ಟಿಕೊಂಡೇ ಇರುತ್ತವೆ. ಇನ್ನೂ ದೊಡ್ಡ ಲಾಭ ಭಾರದ್ದು. ದೊಡ್ಡವರ ಸ್ವೆಟರ್ ಅರ್ಧ ಆದಮೇಲೆ ಉದ್ದ ಕಡ್ಡಿಯ ಮೇಲೆ ಅಷ್ಟೂ ತೂಕ ಮಣಿಕಟ್ಟಿಗೆ ಬೀಳುತ್ತದೆ. ಸರ್ಕ್ಯುಲರ್‌ನಲ್ಲಿ ಅದು ಕೇಬಲ್ ಮೇಲೆ ಸರಿದು ತೊಡೆಯ ಮೇಲೆ ಕೂರುತ್ತದೆ. ಕೈ ನೋವು ಇರುವವರು ಬೇರೆ ಏನೂ ಯೋಚಿಸದೆ ಇದೊಂದಕ್ಕೇ ಬದಲಾಯಿಸಿಕೊಳ್ಳಬಹುದು.

ಈಗ ದುಡ್ಡಿನ ಮಾತು. ಅಂಗಡಿಯವರೂ ಆನ್‌ಲೈನ್ ಮಾರಾಟದವರೂ ಹೇಳುವ ಲೆಕ್ಕ ಹೀಗಿರುತ್ತೆ: ಎಂಟು ಅಳತೆ ತುದಿ, ಮೂರು ಉದ್ದದ ಕೇಬಲ್, ಅಂದರೆ ಎಂಟು ಮೂರಲಿ ಇಪ್ಪತ್ನಾಲ್ಕು ಕಡ್ಡಿ ಕೊಂಡ ಹಾಗೆ. ಲೆಕ್ಕ ತಪ್ಪಲ್ಲ. ಆದರೆ ಆ ಇಪ್ಪತ್ನಾಲ್ಕರಲ್ಲಿ ನೀವು ಮುಟ್ಟುವುದು ಎಷ್ಟು? ನಿಟ್‌ಪ್ರೋ ಅನ್ನೋ ಕಂಪನಿಯ ಡೀಲಕ್ಸ್ ಸೆಟ್‌ನಲ್ಲಿ ಬರುವುದು 3.5ರಿಂದ 8 ಮಿ.ಮೀ. ದಪ್ಪದವರೆಗಿನ ಎಂಟು ಜೋಡಿ ತುದಿ. ಪುಣೆಯ ಚಳಿಗೆ 7, 8 ಮಿ.ಮೀ.ಯಲ್ಲಿ ಹೆಣೆಯುವ ದಪ್ಪ ಉಲನ್ ಯಾರಿಗೆ ಬೇಕು ಹೇಳಿ? ರಾತ್ರಿ ಹತ್ತು ಡಿಗ್ರಿಗೆ ಇಳಿದರೆ ನಾವು ಅದನ್ನೇ ಕಡಾಕೆ ಥಂಡಿ ಅಂತ ವಾರಗಟ್ಟಲೆ ಮಾತಾಡುತ್ತೇವೆ, ಮಧ್ಯಾಹ್ನಕ್ಕೆ ಮತ್ತೆ ಫ್ಯಾನ್ ಹಾಕುತ್ತೇವೆ. ಇಲ್ಲಿ ಹೆಣೆಯುವುದು ಮಕ್ಕಳ ಸ್ವೆಟರ್, ಕುಲಾವಿ, ತೆಳು ಶಾಲು, ಈಗೀಗ ಕಾಟನ್ ಟಾಪ್. ಅದಕ್ಕೆಲ್ಲ 3.25ರಿಂದ 4.5 ಒಳಗೇ ಮುಗಿಯುತ್ತೆ. ಸೆಟ್‌ನ ಅರ್ಧ ತುದಿಗಳು ಪೌಚಿನಲ್ಲೇ ಮಲಗಿರುತ್ತವೆ, ಅದೇ 3.25 ಬೇಕು ಅಂದರೆ ಆ ಸೆಟ್‌ನಲ್ಲಿ ಇಲ್ಲವೇ ಇಲ್ಲ, ಬೇರೆಯಾಗಿ ಕೊಳ್ಳಬೇಕು. ಹಿಂದಿನ ವರ್ಷ ಏನೇನು ಹೆಣೆದಿರಿ, ಯಾವ ಅಳತೆಯಲ್ಲಿ, ಒಂದು ಚೀಟಿಯಲ್ಲಿ ಬರೆದುನೋಡಿ. ಹೆಚ್ಚಿನವರ ಚೀಟಿಯಲ್ಲಿ ಎರಡು ಮೂರು ಅಳತೆಗಳೇ ಮತ್ತೆ ಮತ್ತೆ ಬರುತ್ತವೆ.

ನಾನು ಬಳಸುವುದು ನಿಟ್‌ಪ್ರೋ. ನಮ್ಮ ದೇಶದ್ದೇ ಕಂಪನಿ, ಜೈಪುರದಲ್ಲಿ ತಯಾರಾಗುವುದು, ಅಮೆರಿಕದಲ್ಲಿ ಇದೇ ಮಾಲು ನಿಟ್ಟರ್ಸ್ ಪ್ರೈಡ್ ಅನ್ನೋ ಹೆಸರಿನಲ್ಲಿ ಮಾರಾಟವಾಗುತ್ತಾ ಬಂದಿದೆ. ಇಲ್ಲಿಯವರಿಗೆ ಇದರ ದೊಡ್ಡ ಅನುಕೂಲ ಅಂದರೆ ಬಿಡಿ ಭಾಗ ಸಿಗುವುದು. ಒಂದು ಕೇಬಲ್ ಹೋದರೆ ಒಂದು ಕೇಬಲ್ ತರಿಸಬಹುದು, ಹೊರದೇಶದಿಂದ ತರಿಸಿ ಕಸ್ಟಮ್ಸ್ ಕಟ್ಟುವ ತಾಪತ್ರಯ ಇಲ್ಲ.

ಅದರಲ್ಲಿ ಸಿಂಫನಿ ಅಂತ ಮರದ್ದು. ಬರ್ಚ್ ಮರದ ತೆಳು ಪದರಗಳಿಗೆ ಬಣ್ಣ ಹಾಕಿ ಒಂದರ ಮೇಲೊಂದು ಒತ್ತಿ ಮಾಡಿರುತ್ತಾರೆ, ನೋಡೋಕೆ ಚೆಂದ, ಚಳಿಗಾಲದ ಬೆಳಗ್ಗೆ ಕೈಗೆ ತಣ್ಣಗೆ ತಾಗುವುದಿಲ್ಲ, ಮುಖ್ಯವಾಗಿ ನೂಲನ್ನು ಸ್ವಲ್ಪ ಹಿಡಿದುಕೊಳ್ಳುತ್ತದೆ. ಹೊಸಬರಿಗೂ, ಬಿದಿರಿನ ನೂಲು, ರೇಷ್ಮೆ ಥರದ ಜಾರುವ ನೂಲಿಗೂ ಇದು ಒಳ್ಳೇದು. ಝಿಂಗ್ ಅಂತ ಅಲ್ಯೂಮಿನಿಯಂನದ್ದು, ಒಂದೊಂದು ಅಳತೆಗೆ ಒಂದೊಂದು ಬಣ್ಣ. ಅಳತೆ ಓದೋಕೆ ಕನ್ನಡಕ ಹುಡುಕಬೇಕಿಲ್ಲ, ಬಣ್ಣ ನೋಡಿದರೆ ಸಾಕು. ನನ್ನ ಓಟು ಝಿಂಗ್‌ಗೇ. ಕಾರಣ ನಮ್ಮ ನೂಲು. ನಮ್ಮ ಪೇಟೆಗಳಲ್ಲಿ ಉಲನ್ ಅಂತ ಮಾರುವುದರಲ್ಲಿ ಬಹುಪಾಲು ಅಕ್ರಿಲಿಕ್, ಅದು ಮರದ ಮೇಲೆ ಅಂಟಿದ ಹಾಗೆ ಎಳೆಯುತ್ತದೆ. ಸೆಕೆಗಾಲದಲ್ಲಿ ಕೈ ಬೆವರಿದರೆ ಇನ್ನೂ ಜಾಸ್ತಿ. ಲೋಹದ ಮೇಲೆ ಸರಾಗ. ಮರದ 3 ಮಿ.ಮೀ., 3.5 ಮಿ.ಮೀ. ಕಡ್ಡಿ ಯಾವ ಕಂಪನಿಯದ್ದೇ ಆಗಲಿ, ಸೋಫಾ ಮೇಲೆ ಬಿಟ್ಟಿದ್ದು ಮೊಮ್ಮಗು ಹತ್ತಿ ಕೂತರೆ ಮುಗೀತು. ಮಕ್ಕಳಿರುವ ಮನೆಯವರು ತೆಳು ಅಳತೆಗೆ ಲೋಹ, ದಪ್ಪ ಅಳತೆಗೆ ಬೇಕಿದ್ದರೆ ಮರ ಅಂತ ಹಂಚಿಕೊಳ್ಳಿ. ಇನ್ನೊಂದು ನೆನಪಿರಲಿ, ನೋವಾ ಅನ್ನೋ ಮಾದರಿ ಹಿತ್ತಾಳೆಗೆ ನಿಕ್ಕಲ್ ಲೇಪ ಮಾಡಿದ್ದು. ನಕಲಿ ಓಲೆ ಹಾಕಿದರೆ ಕಿವಿ ಕೆರೆಯುವವರು ಅದರ ಗೊಡವೆಗೆ ಹೋಗದಿರುವುದು ಲೇಸು.

ಒಂದು ಎಚ್ಚರಿಕೆ. ಮರದ ಕಡ್ಡಿಯಲ್ಲಿ ಅಳತೆಗೆ ಒಂದು ಸಣ್ಣ ತುಂಡು ಹೆಣೆದು ನೋಡಿಕೊಂಡು, ಆಮೇಲೆ ಸ್ವೆಟರನ್ನು ಲೋಹದಲ್ಲಿ ಹೆಣೆಯಬೇಡಿ. ಎರಡೂ 4 ಮಿ.ಮೀ. ಆದರೂ ಕೈಯ ಬಿಗಿ ಬದಲಾಗುತ್ತದೆ, ಹತ್ತು ಸೆಂ.ಮೀ.ಗೆ ಒಂದು ಸ್ಟಿಚ್ ವ್ಯತ್ಯಾಸ ಬಂದರೂ ಎದೆಯ ಸುತ್ತಳತೆಗೆ ಹೋಗುವಷ್ಟರಲ್ಲಿ ಅದು ಗಂಡನ ಸ್ವೆಟರ್ ಹೋಗಿ ಮಗನ ಸ್ವೆಟರ್ ಆಗಿರುತ್ತದೆ.

ಈ ಜಾತಿಯ ಕಡ್ಡಿಯಲ್ಲಿ ಎಲ್ಲ ನಿಂತಿರುವುದು ಒಂದೇ ಜಾಗದಲ್ಲಿ, ತುದಿ ಮತ್ತು ಕೇಬಲ್ ಕೂಡುವ ಕೀಲಿನಲ್ಲಿ. ಕೇಬಲ್‌ನ ಲೋಹದ ಕೊನೆಯಲ್ಲಿ ಸಾಸಿವೆ ಗಾತ್ರದ ಒಂದು ತೂತು ಇರುತ್ತದೆ. ತುದಿಯನ್ನು ಕೈಯಿಂದ ತಿರುಗಿಸಿ ಹಾಕಿ, ಆ ತೂತಿಗೆ ಜೊತೆಗೆ ಕೊಡುವ ಪುಟ್ಟ ತಂತಿ ಕೀಲಿ ತೂರಿಸಿ, ಇನ್ನೊಂದು ಕೈಯಲ್ಲಿ ತುದಿ ಹಿಡಿದು ಕಾಲು ಸುತ್ತು ಬಿಗಿ ಮಾಡಬೇಕು. ಕೈ ಜಾರಿದರೆ ತುದಿಗೆ ಒಂದು ರಬ್ಬರ್ ತುಂಡು ಸುತ್ತಿಕೊಳ್ಳಿ. “ಸುಮ್ನೆ ಕೈಯಲ್ಲೇ ತಿರುಗಿಸಿದೆ, ಗಟ್ಟಿಯಾಗಿತ್ತು” ಅನ್ನುವವರೇ ಆಮೇಲೆ ಕಡ್ಡಿ ಬಿಚ್ಚಿಕೊಂಡಿತು ಅಂತ ದೂರುವುದು. ಹೆಣೆಯುವಾಗ ಬೆರಳು ತುದಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಇರುತ್ತದೆ, ನಮಗೆ ಗೊತ್ತಾಗುವುದಿಲ್ಲ, ಹಾಗಾಗಿ ಕೀಲಿ ಹಾಕಿದ್ದರೂ ಆಗಾಗ ಒಮ್ಮೆ ಮುಟ್ಟಿ ನೋಡುವ ಅಭ್ಯಾಸ ಇರಲಿ. ಹಾಗಂತ ಶಕ್ತಿಯೆಲ್ಲ ಬಿಟ್ಟು ಬಿಗಿ ಮಾಡಿದರೆ ಸ್ಕ್ರೂವಿನ ಮರೆ ಸವೆದು ಹೋಗುತ್ತೆ. ಕೀಲಿ ಕಳೆದರೆ ಗಾಬರಿ ಬೇಡ, ಸೇಫ್ಟಿ ಪಿನ್ನಿನ ಮೊನೆಯೋ ನೆಟ್ಟಗೆ ಮಾಡಿದ ಯು ಪಿನ್ನೋ ಸಾಕು.

ಕೀಲು ಚೆನ್ನಾಗಿದೆಯಾ ಅಂತ ನೋಡೋಕೆ ಹೆಬ್ಬೆರಳ ಉಗುರು ಇದ್ದರೆ ಆಯಿತು. ತುದಿ ಕೂಡಿಸಿ, ಉಗುರನ್ನು ಕೇಬಲ್ ಕಡೆಯಿಂದ ತುದಿಯ ಕಡೆಗೆ ನಿಧಾನಕ್ಕೆ ಎಳೆಯಿರಿ. ಎಲ್ಲಾದರೂ ಉಗುರು ತಡೆದರೆ ನೂಲೂ ಅಲ್ಲೇ ತಡೆಯುತ್ತದೆ. ಪರಿಚಯದ ಅಕ್ಕ ಒಬ್ಬರು ಆನ್‌ಲೈನ್‌ನಲ್ಲಿ ಬಿದಿರಿನ ದೊಡ್ಡ ಸೆಟ್ ತರಿಸಿದ್ದರು, ಹೆಸರು ಹೇಳುವುದು ಬೇಡ, ಹದಿಮೂರೋ ಏನೋ ಅಳತೆಗಳು, ಚೆಂದದ ಪೆಟ್ಟಿಗೆ, ಬೆಲೆ ಕೇಳಿದರೆ ಖುಷಿಯಾಗಬೇಕು. ಕೈಗೆ ತಗೊಂಡು ನೋಡಿದೆ. ಕೇಬಲ್ ಲೋಹದ ಕೊಳವೆಯೊಳಗೆ ಹೋಗುವ ಕಡೆ ಒಂದು ಸಣ್ಣ ಮೆಟ್ಟಿಲು. ಪ್ರತಿ ಕೆಲವು ಸ್ಟಿಚ್‌ಗೆ ನೂಲನ್ನು ಬೆರಳಿನಿಂದ ಮೇಲೆ ಎತ್ತಿ ದಾಟಿಸಬೇಕು. ಒಂದು ತುದಿಯಂತೂ ಕೇಬಲ್ ಸಮೇತ ಅಂಟು ಬಿಟ್ಟು ಕೈಗೆ ಬಂತು. ಮೂವತ್ತು ಸ್ಟಿಚ್‌ನ ಮಫ್ಲರಿಗೆ ಅದು ನಡೆದೀತು. ಮುನ್ನೂರು ಸ್ಟಿಚ್‌ನ ಶಾಲಿನಲ್ಲಿ ಕೀಲು ಬಿಟ್ಟರೆ ಆಮೇಲೆ ಮಾಡುವುದೆಲ್ಲ ಕುಣಿಕೆ ಹಿಡಿಯುವ ಕೆಲಸ. ಅಗ್ಗದ ಇಂಟರ್‌ಚೇಂಜೆಬಲ್‌ಗಿಂತ ಅಗ್ಗದ ಅಂಟಿದ ಸರ್ಕ್ಯುಲರ್ ಎಷ್ಟೋ ವಾಸಿ, ಕಡೇಪಕ್ಷ ಬಿಚ್ಚಿಕೊಳ್ಳುವ ಸ್ಕ್ರೂ ಅಲ್ಲಿಲ್ಲ.

ಒಮ್ಮೆ ಒಂದು ಕಂಪನಿ ಹಿಡಿದರೆ ಅದರಲ್ಲೇ ಇರಬೇಕಾಗುತ್ತೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಮಿಕ್ಸರ್ ಜಾರ್ ಇದ್ದ ಹಾಗೆ, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಆಡ್ಡಿ ಕ್ಲಿಕ್ ಅಂತ ಜರ್ಮನಿಯದ್ದು ಸ್ಕ್ರೂವೇ ಅಲ್ಲ, ಒತ್ತಿ ತಿರುಗಿಸಿದರೆ ಕ್ಲಿಕ್ ಅಂತ ಕೂರುತ್ತದೆ, ಬಿಗಿ ಮಾಡುವ ಕೀಲಿಯ ತಲೆನೋವಿಲ್ಲ. ಚಿಯಾವ್‌ಗೂ ಅಂತ ಚೀನಾದ್ದು, ಸ್ಟೇನ್‌ಲೆಸ್ ಸ್ಟೀಲ್ ತುದಿ, ಕೆಂಪು ಕೇಬಲ್. ಕೇಬಲ್‌ನ ಒಳಗೆ ಉಕ್ಕಿನ ಎಳೆ, ಮೇಲೆ ನೈಲಾನ್ ಹೊದಿಕೆ, ಎಷ್ಟು ಸುತ್ತಿಟ್ಟರೂ ಸುರುಳಿ ಹಿಡಿಯುವುದಿಲ್ಲ. ಕೇಬಲ್ ವಿಷಯದಲ್ಲಿ ಅದು ನಿಟ್‌ಪ್ರೋಗಿಂತ ಮೇಲು, ಒಪ್ಪುತ್ತೇನೆ. ಆದರೆ ಅದರಲ್ಲೂ ಒಳಗೊಳಗೇ ಜಾತಿ. 5 ಮಿ.ಮೀ. ವರೆಗೆ ಒಂದು ಗಾತ್ರದ ಕೀಲು, 5.5ರಿಂದ ಮೇಲೆ ಇನ್ನೊಂದು, 2.5 ಮತ್ತು ಕೆಳಗೆ ಮತ್ತೊಂದು. ಕೇಬಲ್ ತರಿಸುವಾಗ ನೋಡದೆ ತರಿಸಿದರೆ ಕೂರುವುದಿಲ್ಲ. ನಿಟ್‌ಪ್ರೋದ ಸಾಮಾನ್ಯ ಕೇಬಲ್ ಪ್ಯಾಕೆಟ್ಟಿನಿಂದ ತೆಗೆದಾಗ ಸುರುಳಿಯಾಗಿಯೇ ಇರುತ್ತೆ, ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ ಕೈಯಲ್ಲಿ ಎಳೆದು ಹಿಡಿದರೆ ನೆಟ್ಟಗಾಗುತ್ತದೆ. ಅಷ್ಟು ಉಪಚಾರ ಮಾಡಿದರೆ ನನಗೆ ಅದರ ಮೇಲೆ ಬೇರೆ ತಕರಾರಿಲ್ಲ.

ಕೇಬಲ್ ಉದ್ದದ ಲೆಕ್ಕ ಕೊಳ್ಳುವ ಮುಂಚೆ ತಿಳಿದಿರಲಿ. ನಿಟ್‌ಪ್ರೋ ಪ್ಯಾಕೆಟ್ ಮೇಲೆ 80 ಸೆಂ.ಮೀ. ಅಂತ ಬರೆದಿದ್ದರೆ ಕೇಬಲ್ ಅಷ್ಟಿರುವುದಿಲ್ಲ, ಎರಡೂ ತುದಿ ಸೇರಿಸಿದಾಗ ಅಷ್ಟಾಗುತ್ತೆ ಅಂತ ಅರ್ಥ. ಒಳಗಿನ ಕೇಬಲ್ 56 ಸೆಂ.ಮೀ. ಹಾಗೇ 60ಕ್ಕೆ 35, 100ಕ್ಕೆ 76. ಟೊಪ್ಪಿಗೆ ಬೇಕಾದ 40 ಸೆಂ.ಮೀ.ಗೆ ಮಾತ್ರ ಬೇರೆ ಕತೆ. ಅದಕ್ಕೆ 20 ಸೆಂ.ಮೀ. ಕೇಬಲ್ ಜೊತೆಗೆ ಗಿಡ್ಡ ತುದಿಗಳೇ ಬೇಕು. ಮಾಮೂಲಿ ತುದಿ ಹಾಕಿದರೆ ಎರಡೂ ಒಂದನ್ನೊಂದು ಹಾಯ್ದುಕೊಳ್ಳುತ್ತವೆ, ಹೆಣೆಯೋಕೆ ಆಗುವುದಿಲ್ಲ. ಮಕ್ಕಳ ಟೊಪ್ಪಿ ಜಾಸ್ತಿ ಹೆಣೆಯುವವರಾದರೆ ಈ ಜಂಜಾಟ ಬಿಟ್ಟು 40ರ ಅಂಟಿದ ಸರ್ಕ್ಯುಲರ್ ಒಂದು ತಗೊಂಡುಬಿಡಿ. ಇಲ್ಲವೇ 80ರ ಕೇಬಲನ್ನೇ ನಡುವೆ ಕುಣಿಕೆಯಾಗಿ ಹೊರಗೆಳೆದು ಮ್ಯಾಜಿಕ್ ಲೂಪ್ ಮಾಡಿ. ಕಾಲುಚೀಲಕ್ಕೂ ಅಂಟಿದ್ದೇ ಸರಿ. ನಿಟ್‌ಪ್ರೋದಲ್ಲಿ ಬದಲಾಯಿಸುವ ತುದಿಗಳು ಸಾಮಾನ್ಯವಾಗಿ ಶುರುವಾಗುವುದೇ 3 ಮಿ.ಮೀ. ಆಸುಪಾಸಿನಿಂದ. ಕಾಲುಚೀಲಕ್ಕೆ ಬೇಕಾಗುವುದು 2.25, 2.5.

ಇದರ ನಿಜವಾದ ಸುಖ ಯಾವುದು ಅಂತ ಕೇಳಿದರೆ, ಅಳತೆಗಳಲ್ಲ, ಅರ್ಧಕ್ಕೆ ಬಿಡುವ ಸ್ವಾತಂತ್ರ್ಯ. ಸ್ವೆಟರಿನ ತೋಳು ಹೆಣೆಯುತ್ತಿದ್ದೀರಿ, ನಡುವೆ ಯಾರದ್ದೋ ಮನೆಯಲ್ಲಿ ನಾಮಕರಣ, ತುರ್ತಾಗಿ ಕುಲಾವಿ ಬೇಕು. ತುದಿ ಎರಡೂ ಬಿಚ್ಚಿ, ಕೇಬಲ್‌ನ ಎರಡು ಕೊನೆಗೆ ಬಿರಡೆ ತಿರುಗಿಸಿ ಹಾಕಿ, ತೋಳನ್ನು ಚೀಲಕ್ಕೆ ಹಾಕಿಡಿ. ಒಂದು ಸ್ಟಿಚ್ ಕೂಡ ಜಾರುವುದಿಲ್ಲ. ಅದೇ ತುದಿಗಳನ್ನು ಇನ್ನೊಂದು ಕೇಬಲ್‌ಗೆ ಹಾಕಿ ಕುಲಾವಿ ಶುರು ಮಾಡಬಹುದು. ಯಾವ ಅಳತೆಯಲ್ಲಿ ನಿಲ್ಲಿಸಿದ್ದೆ ಅನ್ನುವುದನ್ನು ಒಂದು ಚೀಟಿ ಬರೆದು ಜೊತೆಗೇ ಪಿನ್ ಮಾಡಿ, ಆಮೇಲೆ ನೆನಪಿರುವುದಿಲ್ಲ. ಅದಕ್ಕೇ ನಾನು ತುದಿಗಿಂತ ಕೇಬಲ್ ಮೇಲೆ ದುಡ್ಡು ಹಾಕಿ ಅನ್ನುವುದು.

ಬಾರ್ಡರಿಗೆ 3.25, ಮೈಗೆ 4 ಅಂತ ಇರುವ ಸ್ವೆಟರಿನಲ್ಲಿ ಬಾರ್ಡರ್ ಮುಗಿದ ತಕ್ಷಣ ತುದಿ ಬದಲಾಯಿಸಿದರೆ ಆಯಿತು, ಎಲ್ಲ ಸ್ಟಿಚ್ ಒಂದು ಕಡ್ಡಿಯಿಂದ ಇನ್ನೊಂದಕ್ಕೆ ದಾಟಿಸುವ ಕೆಲಸವಿಲ್ಲ. ಗೋಲಾಗಿ ಹೆಣೆಯುವಾಗ ಎಡಗಡೆ ಸಣ್ಣ ತುದಿ, ಬಲಗಡೆ ನಿಮಗೆ ಬೇಕಾದ ಅಳತೆ ಹಾಕಿಕೊಂಡರೆ ಇನ್ನೂ ಸರಾಗ. ಸ್ಟಿಚ್‌ನ ಗಾತ್ರ ತೀರ್ಮಾನ ಮಾಡುವುದು ಹೊಸ ಸ್ಟಿಚ್ ಹುಟ್ಟುವ ಬಲಗಡೆ ತುದಿ ಮಾತ್ರ. ತಿರುಗಿಸಿ ಹೆಣೆಯುವ ಚಪ್ಪಟೆ ಕೆಲಸಕ್ಕೆ ಇದು ಆಗದು, ತಿರುಗಿಸಿದ ಕೂಡಲೇ ಸಣ್ಣದು ಬಲಕ್ಕೆ ಬರುತ್ತೆ.

ಕೀಲಿ ಹಾಕುವ ಆ ತೂತಿಗೆ ಇನ್ನೊಂದು ಉಪಯೋಗ ಇದೆ, ಲೇಸ್ ಶಾಲು ಹೆಣೆಯುವವರು ಕೇಳಿ. ಬಲಗಡೆ ಕೀಲಿನ ತೂತಿನಲ್ಲಿ ಬೇರೆ ಬಣ್ಣದ ನಯವಾದ ಹೊಲಿಗೆ ದಾರ ಪೋಣಿಸಿ ಎಂದಿನಂತೆ ಒಂದು ಸಾಲು ಹೆಣೆಯಿರಿ. ಸ್ಟಿಚ್‌ಗಳು ಕೀಲು ದಾಟುತ್ತಾ ಹೋದ ಹಾಗೆ ದಾರ ತಾನಾಗಿಯೇ ಅವುಗಳ ಒಳಗೆ ಹಾದುಹೋಗುತ್ತದೆ. ಮುಂದೆ ಎಲ್ಲೋ ಎಡವಟ್ಟಾಗಿ ಬಿಚ್ಚಬೇಕಾಗಿ ಬಂದರೆ ಆ ದಾರದವರೆಗೆ ಧೈರ್ಯವಾಗಿ ಬಿಚ್ಚಬಹುದು, ಅದರ ಕೆಳಗೆ ಹೋಗುವುದಿಲ್ಲ. ಮುಂದಿನ ಸಾಲಿನಲ್ಲಿ ಆ ದಾರವನ್ನೂ ಸೇರಿಸಿ ಹೆಣೆಯದಂತೆ ನೋಡಿಕೊಳ್ಳಿ, ಅಷ್ಟೇ.

ಹಾಗಾದರೆ ಸೆಟ್ ಯಾರಿಗೆ? ಬೇರೆ ಬೇರೆ ದಪ್ಪದ ನೂಲಿನಲ್ಲಿ ಹೆಣೆಯುವವರಿಗೆ, ಹೆಣೆದು ಮಾರುವವರಿಗೆ, ಕಲಿಸುವವರಿಗೆ, ಬೆಂಗಳೂರಿಗೋ ಹೊರದೇಶಕ್ಕೋ ಹೋಗಿ ಬಂದು ಮಾಡುವಾಗ ಒಂದೇ ಪೌಚಿನಲ್ಲಿ ಎಲ್ಲ ಇರಲಿ ಅನ್ನುವವರಿಗೆ. ಅಥವಾ ಮಗ ಸೊಸೆ ಹುಟ್ಟುಹಬ್ಬಕ್ಕೆ ಏನು ಬೇಕು ಅಂತ ಕೇಳಿದರೆ, ಆಗ ಧಾರಾಳವಾಗಿ ಸೆಟ್ಟೇ ಹೇಳಿ. ನಿಮ್ಮ ದುಡ್ಡಾದರೆ ಮಾತ್ರ ಬಿಡಿಬಿಡಿಯಾಗಿಯೇ ತಗೊಳ್ಳಿ. ನಡುವೆ ಮೂರು ಅಳತೆಯ ಸ್ಟಾರ್ಟರ್ ಸೆಟ್ ಅಂತಲೂ ಬರುತ್ತೆ, ಆ ಮೂರೂ ನಿಮ್ಮ ಚೀಟಿಯಲ್ಲಿದ್ದರೆ ನೋಡಬಹುದು, ಇಲ್ಲದಿದ್ದರೆ ಅದೂ ಬೇಡ.

ಪುಣೆಯವರು ತುಳಶೀಬಾಗ್, ಲಕ್ಷ್ಮೀ ರಸ್ತೆ, ರವಿವಾರ ಪೇಠೆ ಕಡೆ ಒಂದು ಸುತ್ತು ಹಾಕಿ. ಉಲನ್ ಮತ್ತು ಮಾಮೂಲಿ ಅಲ್ಯೂಮಿನಿಯಂ ಕಡ್ಡಿಗೆ ಅಲ್ಲಿನಷ್ಟು ಆಯ್ಕೆ ಬೇರೆ ಕಡೆ ಕಷ್ಟ. ಪೋನಿ ಕಡ್ಡಿ ಕಂಡರೆ ಕಣ್ಣುಮುಚ್ಚಿ ತಗೊಳ್ಳಬಹುದು. ಅದು ಊಟಿ ಹತ್ತಿರದ ಕೇತ್ತಿಯಲ್ಲಿ 1949ರಲ್ಲಿ ಶುರುವಾದ ಸೂಜಿ ಕಾರ್ಖಾನೆಯ ಹೆಸರು, ಅಮ್ಮಂದಿರ ಕಾಲದಿಂದ ಬಂದದ್ದು. ಅಲ್ಲಿ ಮಿ.ಮೀ. ಹೇಳಿದರೆ ಅಂಗಡಿಯವರು ಮುಖ ನೋಡುತ್ತಾರೆ, “ಕಾಕೂ, ನಂಬರ್ ಸಾಂಗಾ” ಅನ್ನುತ್ತಾರೆ. ಅವರದ್ದು ಹಳೇ ಇಂಗ್ಲೆಂಡ್ ನಂಬರ್, ನಂಬರ್ ಏರಿದಷ್ಟೂ ಕಡ್ಡಿ ತೆಳು. ಹತ್ತು ನಂಬರ್ ಅಂದರೆ 3.25, ಎಂಟು ಅಂದರೆ 4. ಅಮೆರಿಕದ ಡಿಸೈನ್ ಇಳಿಸಿಕೊಂಡವರಿಗೆ ಇಲ್ಲೇ ಪೆಟ್ಟು ಬೀಳುವುದು, ಅವರ ಎಂಟು ಅಂದರೆ 5 ಮಿ.ಮೀ. ಅವರಲ್ಲಿ ನಂಬರ್ ಏರಿದರೆ ದಪ್ಪ. ಹಾಗಾಗಿ ಅಂಗಡಿಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಮಿ.ಮೀ. ಓದಿ ಖಾತ್ರಿ ಮಾಡಿಕೊಂಡೇ ದುಡ್ಡು ಕೊಡಿ. ಬಿಡಿ ತುದಿ, ಕೇಬಲ್ ಪೇಟೆಯಲ್ಲಿ ಬೇಕಾದ ಅಳತೆಗೆ ಸಿಗದಿದ್ದರೆ ಆನ್‌ಲೈನ್ ಇದ್ದೇ ಇದೆ. ಆದರೆ ಸಿಕ್ಕಿದರೆ ಕೈಯಲ್ಲಿ ಹಿಡಿದು, ಉಗುರು ಎಳೆದು ನೋಡಿ ತಗೊಳ್ಳುವುದೇ ಮೇಲು.

ವೈನಿಗೆ ನಾನು ಬರೆದುಕೊಟ್ಟ ಪಟ್ಟಿ: ಝಿಂಗ್ 3.25 ಒಂದು ಜೋಡಿ, 4 ಒಂದು ಜೋಡಿ, 80ರ ಕೇಬಲ್ ಒಂದು, 100ರದ್ದು ಒಂದು, ಬಿರಡೆಗಳು ಕೇಬಲ್ ಜೊತೆಗೇ ಬರುತ್ತವಾ ಅಂತ ಕೇಳಿ ನೋಡುವುದು. “ಇಷ್ಟೇನಾ?” ಅಂದರು. ಸೆಟ್‌ನ ಪೌಚ್ ಅವರಿಗೆ ಬಹಳ ಹಿಡಿಸಿತ್ತು. ಪೌಚ್ ಬೇಕಿದ್ದರೆ ಹಳೇ ಇಳಕಲ್ ಸೀರೆಯ ಸೆರಗಿನಲ್ಲಿ ನಾನೇ ಹೊಲಿದುಕೊಡುತ್ತೇನೆ ಅಂದಿದ್ದೇನೆ.